ಪತ್ರಕರ್ತನನ್ನೇ ‘ಮಾಸ್ಟರ್‌ಮೈಂಡ್’ ಅಂತ ಬರೆದಿದ್ರಲ್ಲ, ಆಮೇಲೆ ಏನಾಯ್ತು? 2012ರ ಬೆಂಗಳೂರು ಕೇಸ್

ತುಂಗಾತೀರದವ:

ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಪತ್ರಿಕೋದ್ಯಮ ಪಾಠ ಮಾಡ್ತೀನಿ. ಕಳೆದ ವಾರ ಬೀರು ಕ್ಲೀನ್ ಮಾಡೋವಾಗ ಹಳೇ ಕ್ಲಿಪಿಂಗ್ ಫೈಲ್ ಒಂದು ಸಿಕ್ತು, 2012ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಪೇಪರ್‌ಗಳು. ಎಲ್ಲಾ ಒಂದೇ ಸುದ್ದಿ. ಬೆಂಗಳೂರು, ಹುಬ್ಬಳ್ಳಿ ಎರಡೂ ಕಡೆ ಸೇರಿ 11 ಜನ ಅರೆಸ್ಟ್, ಬಲಪಂಥೀಯ ಅಂಕಣಕಾರರನ್ನ ಪತ್ರಿಕೆಯವರನ್ನ ರಾಜಕಾರಣಿಗಳನ್ನ ಕೊಲ್ಲೋಕೆ ಸಂಚು, ಲಷ್ಕರ್ ನಂಟು ಅಂತ. ಅದ್ರಲ್ಲಿ ಒಬ್ಬರು ಡೆಕ್ಕನ್ ಹೆರಾಲ್ಡ್ ರಿಪೋರ್ಟರ್ ಮುತಿ-ಉರ್-ರೆಹಮಾನ್ ಸಿದ್ದಿಕಿ, ಆಗ ಇನ್ನೂ 26 ವರ್ಷ, ಎಜುಕೇಷನ್ ಬೀಟ್ (ಶಿಕ್ಷಣದ ಸುದ್ದಿ) ಮಾಡ್ತಿದ್ದವರು. ಆಗಸ್ಟ್ 29ಕ್ಕೆ ಸಿಸಿಬಿ (ಸೆಂಟ್ರಲ್ ಕ್ರೈಮ್ ಬ್ರಾಂಚ್) ಪೊಲೀಸ್ರು ಹಿಡ್ಕೊಂಡು ಹೋದ್ರು.

ಫೈಲಲ್ಲಿರೋ ಹೆಡ್ಡಿಂಗ್‌ಗಳಲ್ಲೆಲ್ಲಾ ಅವರೇ ‘ಮಾಸ್ಟರ್‌ಮೈಂಡ್’, ‘ಪತ್ರಕರ್ತನ ವೇಷದ ಉಗ್ರ’. ಶಂಕಿತ ಅನ್ನೋ ಪದ ಕೆಲವು ಕಡೆ ಇದೆ, ಕೆಲವು ಕಡೆ ಅದೂ ಇಲ್ಲ. ಇದೆಲ್ಲಾ ಓದ್ತಾ ನನಗೆ ನೆನಪಾಗಿದ್ದು ಏನಂದ್ರೆ ಆಗ ಇದನ್ನ ನಾನೂ ಪೂರ್ತಿ ನಂಬಿದ್ದೆ, ಸ್ಟಾಫ್ ರೂಮಲ್ಲಿ ಕೂತು ‘ನೋಡಿ ಯಾರ್ ಯಾರನ್ನ ನಂಬೋದು ಈ ಕಾಲದಲ್ಲಿ’ ಅಂತ ಜೋರಾಗಿ ಮಾತಾಡಿದ್ದೆ, ನಮ್ಮ ಡಿಪಾರ್ಟ್‌ಮೆಂಟಲ್ಲಿ ಒಬ್ಬ ಮುಸ್ಲಿಂ ಹುಡುಗ ಓದ್ತಿದ್ದ, ಅವನು ಆವತ್ತು ಬಾಗಿಲ ಹತ್ರ ಅಟೆಂಡೆನ್ಸ್ ಸೈನಿಗೆ ಅಂತ ನಿಂತಿದ್ದ, ನಾನು ಅವನ ಮುಖ ನೋಡಿದ್ದೆ, ಆದ್ರೂ ಮಾತು ನಿಲ್ಲಿಸ್ಲಿಲ್ಲ. ಅದು ಈಗ ತುಂಬಾ ಚುಚ್ತಾ ಇದೆ.

ಆಮೇಲೆ ಕೇಸು ನವೆಂಬರಲ್ಲಿ ರಾಷ್ಟ್ರೀಯ ತನಿಖಾ ದಳ ಎನ್‌ಐಎಗೆ ಹೋಯ್ತು, ಅವರು ಹಾಕಿದ ಚಾರ್ಜ್‌ಶೀಟಲ್ಲಿ ಈ ರಿಪೋರ್ಟರ್ ಹೆಸರೇ ಇರ್ಲಿಲ್ಲ, 2013ರ ಫೆಬ್ರವರಿ 25ಕ್ಕೆ ಪರಪ್ಪನ ಅಗ್ರಹಾರದಿಂದ ಹೊರಗೆ ಬಂದ್ರು. ಹತ್ತಿರ ಹತ್ತಿರ 180 ದಿನ. ಇದ್ರ ಸುದ್ದಿ ನನ್ನ ಫೈಲಲ್ಲಿ ಒಂದೇ ಒಂದು ಇದೆ, ಒಳಪುಟದಲ್ಲಿ, ಸಿಂಗಲ್ ಕಾಲಂ. ನಾನು ಕತ್ತರಿಸದೇ ಬಿಟ್ಟಿರಬಹುದು, ಅದು ನನ್ನ ತಪ್ಪೇ, ಆದ್ರೆ ಯಾಕೆ ಬಿಟ್ಟೆ ಅನ್ನೋದು ಪ್ರಶ್ನೆ.

ಈಗ ನನ್ನ ಪ್ರಶ್ನೆ. ಪೇಪರಲ್ಲಿ ಕೆಲಸ ಮಾಡಿದವರು, ವಕೀಲರು ಇಲ್ಲಿ ಇದ್ದೀರಿ ಅಂತ ಕೇಳ್ತಿದೀನಿ. ಒಬ್ಬ ಬರೆಯೋ ಮನುಷ್ಯ, ಅವನ ಹೆಸರು ಹೀಗೆ ಕೊಲೆ ಸಂಚು ಅಂತ ಪೇಪರಲ್ಲಿ ಬಂದ್ಮೇಲೆ, ‘ಇದು ಸುಳ್ಳು’ ಅಂತ ಹೇಳೋಕೆ ಅವನಿಗೆ ನಿಜವಾಗ್ಲೂ ಏನು ದಾರಿ ಇದೆ? ಮತ್ತೆ ಆ ಹೆಡ್ಡಿಂಗ್ ಅಷ್ಟು ಸಲೀಸಾಗಿ ಹೇಗೆ ಹುಟ್ಟುತ್ತೆ? ಮಕ್ಕಳಿಗೆ ಈ ಸೆಮ್ಮಲ್ಲಿ ಇದನ್ನೇ ಒಂದು ಕ್ಲಾಸ್ ಮಾಡ್ಬೇಕು ಅಂತಿದೀನಿ, ಪುಸ್ತಕದ ಎಥಿಕ್ಸ್ ಪಾಠ ಹೇಳಿ ಹೇಳಿ ಸಾಕಾಗಿದೆ.

ಹಳೇ ನೈಟ್ ಡೆಸ್ಕ್:

ಸರ್, ನಾನು 19 ವರ್ಷ ಕನ್ನಡ ಪೇಪರ್‌ಗಳಲ್ಲಿ, ಕಾಪಿ ತಿದ್ದಿ ಹೆಡ್ಡಿಂಗ್ ಕೊಡೋ ಡೆಸ್ಕಲ್ಲಿದ್ದೆ, ಅದ್ರಲ್ಲಿ ಹೆಚ್ಚಿನದು ರಾತ್ರಿ ಪಾಳಿ. ಯಾವ ಪೇಪರ್ ಅಂತ ಹೇಳಲ್ಲ. ಹೆಡ್ಡಿಂಗ್ ಹೇಗೆ ಹುಟ್ಟುತ್ತೆ ಅಂತ ಕೇಳಿದ್ರಲ್ಲ, ಹೇಳ್ತೀನಿ ಕೇಳಿ.

ಇಂಥ ಅರೆಸ್ಟ್ ಆದ ದಿನ ಸಂಜೆ ಕಮಿಷನರ್ ಆಫೀಸಲ್ಲಿ ಪ್ರೆಸ್ ಮೀಟ್ ಇರುತ್ತೆ. ಅಲ್ಲಿ ಹೇಳೋದು ಕಮ್ಮಿ, ಅದು ಹತ್ತು ಸಾಲಿಗೆ ಮುಗಿಯುತ್ತೆ. ನಿಜವಾದ ಸುದ್ದಿ ಬರೋದು ಆಮೇಲೆ, ಫೋನಲ್ಲಿ. ಕ್ರೈಮ್ ಬೀಟ್ ಹುಡುಗ ತನ್ನ ಪರಿಚಯದ ಇನ್ಸ್‌ಪೆಕ್ಟರ್‌ಗೋ ಎಸಿಪಿಗೋ ಫೋನ್ ಮಾಡ್ತಾನೆ, ಅವರು ‘ನನ್ನ ಹೆಸರು ಬೇಡ’ ಅಂತ ಹೇಳಿ ಒಂದಿಷ್ಟು ಕೊಡ್ತಾರೆ, ಲ್ಯಾಪ್‌ಟಾಪಲ್ಲಿ ಅದಿತ್ತು ಇದಿತ್ತು, ಇವನೇ ಬ್ರೇನ್ ಅಂತ. ಪಕ್ಕದ ಪೇಪರ್ ಹುಡುಗನಿಗೂ ಅದೇ ಸಿಕ್ಕಿರುತ್ತೆ, ಟಿವಿಯಲ್ಲಿ ಆಗ್ಲೇ ಕೆಂಪು ಪಟ್ಟಿ ಓಡ್ತಿರುತ್ತೆ. ಅವನು ಬರೆದು ಕಳಿಸೋ ಕಾಪಿಯಲ್ಲಿ ಪ್ರತಿ ವಾಕ್ಯದ ಕೊನೆಗೂ ‘ಎನ್ನಲಾಗಿದೆ’, ‘ಎಂದು ಮೂಲಗಳು ತಿಳಿಸಿವೆ’ ಇರುತ್ತೆ. ಅವನು ಕಲಿತಿರೋದೇ ಹಾಗೆ, ಆ ಪದ ಹಾಕಿದ್ರೆ ತಾನು ಸೇಫ್ ಅಂತ.

ಆ ಕಾಪಿ ಡೆಸ್ಕಿಗೆ ಬರೋ ಹೊತ್ತಿಗೆ ರಾತ್ರಿ ಹತ್ತೂವರೆ. ಜಿಲ್ಲಾ ಆವೃತ್ತಿ ಪೇಜ್ ಹನ್ನೊಂದಕ್ಕೆ ಹೋಗ್ಬೇಕು. ಎಂಟು ಕಾಲಂ ಹೆಡ್ಡಿಂಗಿಗೆ ನಾಲ್ಕೈದು ಪದ ಜಾಗ. ಅಲ್ಲಿ ‘ಎನ್ನಲಾಗಿದೆ’ ಹಿಡಿಸಲ್ಲ ಸರ್. ‘ಶಂಕಿತ’ ಹಿಡಿಸ್ಬಹುದು, ಆದ್ರೆ ‘ಸಪ್ಪೆ ಆಯ್ತು’ ಅಂತ ಚೀಫ್ ಸಬ್ ಅಂತಾರೆ. ಹೀಗೆ ಕಾಪಿಯ ಇಪ್ಪತ್ತು ಅನುಮಾನ ಹೆಡ್ಡಿಂಗಲ್ಲಿ ಒಂದು ಖಚಿತ ಮಾತಾಗಿ ನಿಲ್ಲುತ್ತೆ. ಓದೋರಲ್ಲಿ ಅರ್ಧ ಜನ ಹೆಡ್ಡಿಂಗ್ ಮಾತ್ರ ಓದೋದು, ಬಸ್ ಸ್ಟ್ಯಾಂಡಲ್ಲಿ ನೇತಾಕಿರೋ ಪೋಸ್ಟರಲ್ಲಂತೂ ಹೆಡ್ಡಿಂಗ್ ಬಿಟ್ರೆ ಬೇರೆ ಏನೂ ಇರಲ್ಲ.

ಇನ್ನೊಂದು ವಿಷಯ, ಇದು ಇಂಗ್ಲಿಷ್ ಪೇಪರಿಗಿಲ್ಲದ, ನಮ್ಮ ಭಾಷೆಗೇ ಇರೋ ಕಾಯಿಲೆ. ಏಕವಚನ. ಬುಧವಾರ ಬೆಳಿಗ್ಗೆವರೆಗೂ ಆ ರಿಪೋರ್ಟರ್ ‘ಅವರು’. ಪ್ರಿನ್ಸಿಪಾಲರು, ವಿಸಿಗಳು ಎಲ್ಲಾ ‘ಹೇಳಿ ಸಿದ್ದಿಕಿಯವರೇ’ ಅಂತ ಮಾತಾಡಿಸ್ತಿದ್ದವರು. ಗುರುವಾರದ ಪೇಪರಲ್ಲಿ ‘ಅವನು’. ‘ಬಾಯಿಬಿಟ್ಟಿದ್ದಾನೆ’, ‘ಸಂಪರ್ಕದಲ್ಲಿದ್ದ’, ‘ತಲೆ ಕೆಡಿಸಿದ್ದ’. ಯಾವ ಕೋರ್ಟೂ ಏನೂ ಹೇಳಿಲ್ಲ, ಆದ್ರೆ ಕ್ರಿಯಾಪದ ಆಗ್ಲೇ ತೀರ್ಪು ಕೊಟ್ಟಾಗಿದೆ. ಅದೇ ಒಬ್ಬ ಮಾಜಿ ಮಂತ್ರಿಯನ್ನ ಹಗರಣದಲ್ಲಿ ಹಿಡಿದಾಗ ನಾವೇ ‘ಅವರನ್ನು ಬಂಧಿಸಲಾಯಿತು, ಅವರಿಗೆ ಎದೆನೋವು ಕಾಣಿಸಿಕೊಂಡಿತು’ ಅಂತ ಬರೀತೀವಿ. ಈ ವ್ಯತ್ಯಾಸ ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ಡೆಸ್ಕಿಗೆ ಹೊಸದಾಗಿ ಬಂದ ಹುಡುಗ ಒಂದೇ ತಿಂಗಳಲ್ಲಿ ನೋಡಿ ಕಲಿತುಬಿಡ್ತಾನೆ. ನಾನೂ ಕಲಿತೆ, ಕಲಿಸಿದೆ.

ಇನ್ನು ಬಿಡುಗಡೆ ಸುದ್ದಿ ಯಾಕೆ ಸಿಂಗಲ್ ಕಾಲಂ. ಬಿಡುಗಡೆಗೆ ಪ್ರೆಸ್ ಮೀಟ್ ಮಾಡೋ ಕಮಿಷನರ್ ಇಲ್ಲ, ಅಷ್ಟೇ. ಯಾರೂ ಫೋನ್ ಮಾಡಿ ‘ಮೂಲಗಳ ಪ್ರಕಾರ ಇವನು ನಿರಪರಾಧಿ’ ಅಂತ ಹೇಳಲ್ಲ.

ಕೋರ್ಟ್ ಹಾಲ್ ಆರು:

ವಕೀಲ ನಾನು, ಕ್ರಿಮಿನಲ್ ಸೈಡ್. ಕಾನೂನಿನ ದಾರಿ ಏನು ಅಂತ ಕೇಳಿದ್ರಿ. ದಾರಿ ಇದೆ, ಆದ್ರೆ ಜೈಲಲ್ಲಿ ಕೂತವನಿಗೆ ಅದು ಮುಚ್ಚಿಹೋಗ್ತಾ ಇರುತ್ತೆ, ಅದೇ ದೊಡ್ಡ ಸಮಸ್ಯೆ.

ಸಿವಿಲ್ ಮಾನನಷ್ಟದ ದಾವೆಗೆ ಲಿಮಿಟೇಷನ್ ಆಕ್ಟ್ ಪ್ರಕಾರ ಒಂದೇ ವರ್ಷ ಟೈಮು, ಅದೂ ಪ್ರಕಟ ಆದ ದಿನದಿಂದ. ನೀವು ಜೈಲಲ್ಲಿದ್ರಿ ಅನ್ನೋ ಕಾರಣಕ್ಕೆ ಗಡಿಯಾರ ನಿಲ್ಲಲ್ಲ. ಅಪ್ರಾಪ್ತ ವಯಸ್ಸಿನವರಿಗೆ, ಬುದ್ಧಿ ಸ್ವಾಧೀನ ಇಲ್ಲದವರಿಗೆ ವಿನಾಯಿತಿ ಇದೆ, ಜೈಲಿಗೆ ಇಲ್ಲ. ಆರು ತಿಂಗಳು ಒಳಗೇ ಹೋದ್ರೆ ಅರ್ಧ ಟೈಮು ಅಲ್ಲೇ ಖರ್ಚು. ಪೇಪರ್‌ಗಳ ಮೇಲಿನ ದೂರು ಕೇಳೋ ಪ್ರೆಸ್ ಕೌನ್ಸಿಲಿಗೆ ದೂರು ಕೊಡೋದಾದ್ರೆ ದಿನಪತ್ರಿಕೆ ಮೇಲೆ ಎರಡು ತಿಂಗಳ ಒಳಗೆ ಕೊಡ್ಬೇಕು, ಅದಕ್ಕೂ ಮೊದಲು ಸಂಪಾದಕರಿಗೆ ಪತ್ರ ಬರೆದಿರ್ಬೇಕು. ತಡವಾದ್ರೆ ಕಾರಣ ತೋರಿಸಿ ಮನ್ನಾ ಕೇಳ್ಬಹುದು, ಕೌನ್ಸಿಲ್ ಒಪ್ಪಿದ್ರೆ ಸರಿ. ಒಪ್ಪಿದ್ರೂ ಅದರ ಕೈಲಿರೋದು ಎಚ್ಚರಿಕೆ ಕೊಡೋದು, ಛೀಮಾರಿ ಹಾಕೋದು ಮಾತ್ರ. ದಂಡ ಇಲ್ಲ, ಪರಿಹಾರ ಇಲ್ಲ. ಟಿವಿ ಚಾನೆಲ್ ಅದರ ವ್ಯಾಪ್ತಿಗೇ ಬರಲ್ಲ.

ಕ್ರಿಮಿನಲ್ ಮಾನನಷ್ಟ ಅಂದ್ರೆ ಆಗಿನ ಐಪಿಸಿ 499, 500. ಈಗ ಅದು ಹೊಸ ಕಾನೂನು ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 356. ಗರಿಷ್ಠ ಎರಡು ವರ್ಷ ಶಿಕ್ಷೆ, ಹಾಗಾಗಿ ದೂರಿಗೆ ಮೂರು ವರ್ಷ ಅವಕಾಶ. ಇದು ಸ್ವಲ್ಪ ಉಸಿರಾಡೋಕೆ ಜಾಗ ಕೊಡುತ್ತೆ. ಆದ್ರೆ ಆರು ತಿಂಗಳು ಯುಎಪಿಎ (ಭಯೋತ್ಪಾದನೆ ವಿರುದ್ಧದ ಕಾನೂನು) ಅಡಿ ಒಳಗಿದ್ದು ಬಂದ ಮನುಷ್ಯ ಮತ್ತೆ ಹತ್ತು ಪೇಪರ್ ಮೇಲೆ ಹತ್ತು ಕೋರ್ಟಲ್ಲಿ ಕೇಸ್ ನಡೆಸ್ತೀನಿ ಅಂತ ಬರ್ತಾನಾ? ನನ್ನ ಅನುಭವದಲ್ಲಿ ಬರಲ್ಲ. ‘ಸಾರ್, ನನಗೆ ಕೋರ್ಟ್ ಮೆಟ್ಟಿಲು ಸಾಕು’ ಅಂತಾನೆ. ಅವನಿಗೆ ಬೇಕಾಗಿರೋದು ಕೆಲಸ, ಬಾಡಿಗೆ ಮನೆ, ತಂಗಿ ಮದುವೆ.

ಮತ್ತೆ ‘ಬಾಯಿಬಿಟ್ಟಿದ್ದಾನೆ’ ಅಂತ ಬರೀತಾರಲ್ಲ, ಅದನ್ನ ನಿಮ್ಮ ಮಕ್ಕಳಿಗೆ ದಯವಿಟ್ಟು ಬಿಡಿಸಿ ಹೇಳಿ ಸರ್. ಪೊಲೀಸ್ ಅಧಿಕಾರಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನ ಕೋರ್ಟಲ್ಲಿ ಅವನ ವಿರುದ್ಧ ಸಾಬೀತು ಮಾಡೋ ಹಾಗಿಲ್ಲ, ಎವಿಡೆನ್ಸ್ ಆಕ್ಟ್ 25ನೇ ಸೆಕ್ಷನ್ನು ಬ್ರಿಟಿಷರ ಕಾಲದಿಂದ, 1872ರಿಂದ ಹೇಳ್ತಾ ಬಂತು, 2024ರಿಂದ ಅದೇ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಲ್ಲಿದೆ. ಜಡ್ಜ್ ಮುಂದೆ ಇಡೋಕೆ ಬರದೇ ಇರೋ ಮಾತನ್ನ ಲಕ್ಷಾಂತರ ಮನೆಗೆ ಹಾಲಿನ ಜೊತೆ ಹಾಕಿ ಹೋಗ್ತಾರೆ. ಪೊಲೀಸ್ರು ಮೀಡಿಯಾಗೆ ಹೇಗೆ ಮಾಹಿತಿ ಕೊಡ್ಬೇಕು ಅಂತ ಕೇಂದ್ರ ಗೃಹ ಇಲಾಖೆ 2010ರಲ್ಲೇ ಸಲಹೆ ಕಳಿಸಿತ್ತು. ಆಮೇಲೂ ಸರಿಹೋಗ್ಲಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಲ್ಲಿ ಹೊಸ ಮಾರ್ಗಸೂಚಿ ಮಾಡಿ ಅಂತ ಅದೇ ಇಲಾಖೆಗೆ ಹೇಳ್ಬೇಕಾಯ್ತು.

ನೇರ ಮಾತು:

ಎಲ್ಲಾ ಸರಿ, ಆದ್ರೆ ಒಂದು ಕಡೆ ಮಾತ್ರ ಹೇಳ್ತಿದೀರಿ ಅನ್ಸುತ್ತೆ. ಆ ಕೇಸೇ ಸುಳ್ಳು ಅನ್ನೋ ಹಾಗೆ ಮಾತು ಹೋಗ್ತಿದೆ. ಅದೇ ಕೇಸಲ್ಲಿ 2016ರಲ್ಲಿ ಬೆಂಗಳೂರಿನ ಎನ್‌ಐಎ ಕೋರ್ಟಲ್ಲಿ 13 ಜನ ತಪ್ಪೊಪ್ಪಿಕೊಂಡ್ರು, ಐದೈದು ವರ್ಷ ಶಿಕ್ಷೆ ಆಯ್ತು. ಅಂದ್ರೆ ಸಂಚು ಇದ್ದದ್ದು ನಿಜ. ಯಾರದ್ದೋ ಪ್ರಾಣಕ್ಕೆ ಅಪಾಯ ಇತ್ತು, ಪೊಲೀಸ್ರು ತಡೆದ್ರು. ಅರೆಸ್ಟ್ ಆದವರ ರೂಮಲ್ಲೇ ಇದ್ದ ಈ ರಿಪೋರ್ಟರನ್ನ ವಿಚಾರಣೆ ಮಾಡ್ದೇ ಬಿಡೋಕಾಗುತ್ತಾ? ಚಿನ್ನಸ್ವಾಮಿ ಸ್ಟೇಡಿಯಂ ಹತ್ರ 2010ರಲ್ಲಿ ಬಾಂಬ್ ಸಿಡಿದಿತ್ತು, ಜನರ ಭಯ ಸುಳ್ಳಲ್ಲ. ಪೇಪರಿನವರು ಪೊಲೀಸ್ರು ಹೇಳಿದ್ದು ಬರೆದ್ರು. ಬರೀದೇ ಇದ್ದಿದ್ರೆ ಮುಚ್ಚಿಟ್ರು ಅಂತ ನೀವೇ ಅಂತಿದ್ರಿ.

ಹಳೇ ನೈಟ್ ಡೆಸ್ಕ್:

ನೇರ ಮಾತು ಅವರೇ, ನಿಮ್ಮ ಮಾತಲ್ಲಿ ಸತ್ಯ ಇದೆ, ಆ 13 ಜನರ ವಿಷಯ ಇಲ್ಲಿ ಯಾರೂ ಹೇಳದೇ ಇದ್ದದ್ದು ಕೊರತೇನೇ, ನೀವು ಹೇಳಿದ್ದು ಒಳ್ಳೇದಾಯ್ತು. ವಿಚಾರಣೆ ಮಾಡ್ಬೇಡಿ ಅಂತ ಯಾರೂ ಅಂತಿಲ್ಲ. ಒಂದೇ ಮನೇಲಿ ಬಾಡಿಗೆ ಹಂಚ್ಕೊಂಡಿದ್ದವರನ್ನ ಕರೆದು ಕೇಳೋದು ಪೊಲೀಸ್ರ ಕೆಲಸ. ಅರೆಸ್ಟ್ ಆಯ್ತು ಅಂತ ಬರೆಯೋದು ಪೇಪರ್ ಕೆಲಸ. ಆದ್ರೆ ‘ರೂಮ್‌ಮೇಟ್’ ಮತ್ತೆ ‘ಮಾಸ್ಟರ್‌ಮೈಂಡ್’ ಎರಡರ ನಡುವೆ ಇರೋ ದಾರಿಯನ್ನ ಯಾರು ನಡೆದ್ರು? ಪೊಲೀಸ್ ತನಿಖೆ ನಡೆದಿದ್ದಲ್ಲ, ಅವರು ಕೊನೇಗೆ ಅಲ್ಲಿಗೆ ತಲುಪ್ಲೇ ಇಲ್ಲ. ನಡೆದಿದ್ದು ನಾವು, ಒಂದೇ ರಾತ್ರಿಯಲ್ಲಿ. ಅವರೇ ಸೂತ್ರಧಾರ ಯಾಕೆ ಅಂದ್ರೆ ಅವರೊಬ್ಬರಿಗೇ ಬೈಲೈನ್ (ಸುದ್ದಿ ಜೊತೆ ಬರೆದವರ ಹೆಸರು) ಇತ್ತು, ಹೆಸರು ಫೋಟೋ ಸುಲಭಕ್ಕೆ ಸಿಕ್ತು, ‘ಪತ್ರಕರ್ತ’ ಅಂದ್ರೆ ಸುದ್ದಿಗೆ ತೂಕ ಬರ್ತಿತ್ತು. ಬೇರೆ ಕಾರಣ ನನಗಂತೂ ಕಾಣಲ್ಲ. 13 ಜನ ತಪ್ಪಿತಸ್ಥರು ಅನ್ನೋದು ಹದಿನಾಲ್ಕನೆಯವನ ಮೇಲೆ ಬರೆದ ಸುಳ್ಳನ್ನ ಸರಿ ಮಾಡಲ್ಲ.

ಕಡಲ ಕರೆ:

ಇದೇ 2012ರಲ್ಲಿ ನಮ್ಮ ಕಡೆಯದ್ದೂ ಒಂದು ಇದೆಯಲ್ಲ ಮಾರಾಯ್ರೆ, ಅದನ್ನೂ ಸೇರಿಸಿ ಕ್ಲಾಸಿಗೆ. ವಿಠಲ ಮಲೆಕುಡಿಯ. ಕುತ್ಲೂರಿನ ಹುಡುಗ, ಕುದುರೆಮುಖ ನ್ಯಾಷನಲ್ ಪಾರ್ಕ್ ಒಳಗಿನ ಆದಿವಾಸಿ ಮನೆ, ಮಂಗಳೂರು ಯುನಿವರ್ಸಿಟಿಯಲ್ಲಿ ಪತ್ರಿಕೋದ್ಯಮವೇ ಓದ್ತಾ ಇದ್ದದ್ದು. ಮಾರ್ಚಲ್ಲಿ ನಕ್ಸಲ್ ನಿಗ್ರಹ ದಳದವರು ಅವರನ್ನೂ ಅವರ ಅಪ್ಪನನ್ನೂ ಹಿಡಿದ್ರು. ಹಾಸ್ಟೆಲ್ ರೂಮಲ್ಲಿ ಸಿಕ್ಕಿದ್ದು ಅಂತ ತೋರಿಸಿದ್ದು ಏನು, ಭಗತ್ ಸಿಂಗ್ ಬಗ್ಗೆ ಪುಸ್ತಕ, ಪೇಪರ್ ಕಟ್ಟಿಂಗು, ಊರಿಗೆ ಸೌಕರ್ಯ ಆಗುವವರೆಗೆ ಓಟು ಹಾಕ್ಲಿಕ್ಕಿಲ್ಲ ಅಂತ ಬರೆದ ಕಾಗದ. ಪೇಪರ್ ಕಟ್ಟಿಂಗ್ ಇಟ್ಟುಕೊಳ್ಳದ ಜರ್ನಲಿಸಂ ಸ್ಟೂಡೆಂಟ್ ಯಾರಿದ್ದಾರೆ ಹೇಳಿ! ತುಂಗಾತೀರದವರ ಬೀರುವಿನಲ್ಲೇ ಒಂದು ಫೈಲ್ ಉಂಟಲ್ಲ.

ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರಲ್ಲಿ. ಒಂಬತ್ತೂವರೆ ವರ್ಷ. ಅಷ್ಟು ಸಮಯ ಆ ಹೆಸರಿನ ಹಿಂದೆ ‘ನಕ್ಸಲ್ ನಂಟು’ ಅಂತ ಒಂದು ಬಾಲ. ನನಗೆ ಬೇಸರ ಆಗುವುದು ಇದು, ಬರೆಯುವವನ, ಓದುವವನ ಮನೆಯಲ್ಲಿ ಏನಿರುತ್ತದೋ ಅದೇ ಅವನ ವಿರುದ್ಧ ಸಾಕ್ಷಿ ಆಗಿ ಪೇಪರಲ್ಲಿ ಬರ್ತದೆ. ರಿಪೋರ್ಟರ್ ಆದವನು ಎಲ್ಲಾ ತರದ ವೆಬ್‌ಸೈಟ್ ನೋಡ್ತಾನೆ, ಎಲ್ಲಾ ತರದ ಜನರ ಹತ್ರ ಮಾತಾಡ್ತಾನೆ, ಅದು ಅವನ ಉದ್ಯೋಗ. ಇದು ಬೇರೆಯವರಿಗೆ ಗೊತ್ತಿಲ್ಲದಿದ್ರೆ ಸರಿ, ಅದೇ ಉದ್ಯೋಗದಲ್ಲಿ ಇರುವವರಿಗೆ ಗೊತ್ತಿಲ್ವಾ?

ಹುಬ್ಬಳ್ಳಿ ಮಂದಿ:

ಸರ್, ನಾ ಹುಬ್ಬಳ್ಳಿಯಾಂವ. ಆವಾಗ ನಮ್ಮ ಊರಾಗ ಏನಾತು ಅಂತ ಪೇಪರ್‌ನ್ಯಾಗ ಬಂದಿಲ್ಲ, ಅದನ್ನ ಹೇಳ್ತೇನಿ. ಅರೆಸ್ಟ್ ಆದ ವಾರ ನಾನು ನನ್ನ ದೋಸ್ತ ಇಬ್ರೂ ಖೋಲಿ ಹುಡಕಾಕತ್ತಿದ್ವಿ, ಆಂವ ಮುಸ್ಲಿಂ, ಎಂಬಿಎ ಮಾಡಾಕತ್ತಿದ್ದ. ಒಂದ ಮನಿ ಅಡ್ವಾನ್ಸ್ ಸುದ್ಧಾ ಕೊಟ್ಟ ಬಂದಿದ್ವಿ. ಮರುದಿನ ಮನಿ ಮಾಲಕರು ಕರದು ರೊಕ್ಕ ವಾಪಸ್ ಕೊಟ್ರು. ಭಾಳ ಒಳ್ಳೆ ಹಿರೇರು, ಬೈಲಿಲ್ಲ, ಕಣ್ಣಾಗ ನೀರ ತಗೊಂಡ ಹೇಳಿದ್ರು, ‘ತಮ್ಮಾ, ನಿನ್ನ ಮ್ಯಾಲ ನನಗ ಸಂಶಯ ಇಲ್ಲಪಾ, ಆದ್ರ ಪೇಪರ್ ನೋಡಿ ಮನ್ಯಾಗ ಹೆಂಗಸ್ರು ಅಂಜ್ಯಾರ’ ಅಂತ. ಕಟ್ಟಿ ಮ್ಯಾಲ ಆವತ್ತಿನ ಪೇಪರ್ ಬಿದ್ದಿತ್ತು, ‘ಉಗ್ರ’ ಅನ್ನೋದು ನನ್ನ ಅಂಗೈಯಷ್ಟು ದೊಡ್ಡ ಅಕ್ಷರದಾಗ.

ಆ ದೋಸ್ತ ಮುಂದ ಏಳು ತಿಂಗಳ ಧಾರವಾಡದಾಗ ಅವರ ಮಾಮಾನ ಮನಿಯಿಂದ ದಿನಾ ಬಸ್ಸಿಗೆ ಅಡ್ಡಾಡಿದ. ಸಿದ್ದಿಕಿ ಅವರು ಫೆಬ್ರವರ್ಯಾಗ ಬಿಡುಗಡಿ ಆದ ಸುದ್ದಿ ಬಂದಾಗ ನಾನ ಆ ಮನಿಗೆ ಹೋಗಿ ಪೇಪರ್ ತೋರಿಸಿ ಬರಬೇಕು ಅಂತ ಎಷ್ಟೋ ಸಲ ಅನಿಸಿತ್ತು. ಹೋಗಲಿಲ್ಲ. ತೋರಸಾಕ ಆ ಸುದ್ದಿ ಭಾಳ ಸಣ್ಣದಿತ್ತು.

ಬ್ರಿಸ್ಬೇನ್ ಅಕ್ಕ:

ಹುಬ್ಬಳ್ಳಿಯವ್ರೆ, ನಿಮ್ಮ ಕೊನೇ ಸಾಲು ಓದಿ ಸುಮಾರು ಹೊತ್ತು ಸುಮ್ನೆ ಕೂತೆ.

ನಾನು 2006ರಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿದೀನಿ. ಡಾಕ್ಟರ್ ಹನೀಫ್ ಕೇಸು ನಮ್ಮ ಕಣ್ಣೆದುರೇ ನಡೀತು. ಅವರು ಬರಹಗಾರರಲ್ಲ, ಆದ್ರೆ ಪೇಪರಿನ ವಿಷಯ ಆದ್ದರಿಂದ ಹೇಳ್ತೀನಿ. ಮೂಡಿಗೆರೆ ಕಡೆ ಬೆಳೆದವರು, ಬೆಂಗಳೂರಲ್ಲಿ ಎಂಬಿಬಿಎಸ್, ಇಲ್ಲಿ ಗೋಲ್ಡ್ ಕೋಸ್ಟ್ ಆಸ್ಪತ್ರೇಲಿ ಕೆಲಸ. 2007ರ ಜೂನ್ 30ಕ್ಕೆ ಬ್ರಿಟನ್ನಿನ ಗ್ಲಾಸ್ಗೋ ಏರ್‌ಪೋರ್ಟಿಗೆ ಉರಿಯೋ ಜೀಪ್ ನುಗ್ಗಿಸಿದ್ರಲ್ಲ, ಅದನ್ನ ಮಾಡಿದವರಲ್ಲಿ ಒಬ್ಬ ಇವರ ದೂರದ ಸಂಬಂಧಿ ಕಫೀಲ್. ಜುಲೈ 2ಕ್ಕೆ ಬ್ರಿಸ್ಬೇನ್ ಏರ್‌ಪೋರ್ಟಲ್ಲಿ ಹನೀಫ್‌ನ ಹಿಡಿದ್ರು. ಒನ್ ವೇ ಟಿಕೆಟ್ ಇತ್ತು, ಓಡಿಹೋಗ್ತಿದ್ದ ಅಂತ ಎಲ್ಲಾ ಕಡೆ ಬಂತು. ಬೆಂಗಳೂರಲ್ಲಿ ಹೆಂಡತಿಗೆ ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿ ಒಂದು ವಾರ ಆಗಿತ್ತು, ಮಗು ನೋಡೋಕೆ ಹೊರಟಿದ್ರು.

ದೊಡ್ಡ ಆರೋಪ ಸಿಮ್ ಕಾರ್ಡ್. 2006ರಲ್ಲಿ ಇಂಗ್ಲೆಂಡ್ ಬಿಡೋವಾಗ ತಮ್ಮ ಸಿಮ್ಮನ್ನ ಕಫೀಲ್ ತಮ್ಮ ಸಬೀಲ್‌ಗೆ ಕೊಟ್ಟು ಬಂದಿದ್ರು. ಊರು ಬಿಡೋರು ಪಾತ್ರೆ, ಹಾಸಿಗೆ, ಸಿಮ್ಮು ಬಿಟ್ಟು ಹೋಗಲ್ವಾ, ನಾವೂ ಬಿಟ್ಟು ಬಂದಿದೀವಿ. ಆ ಸಿಮ್ ಉರಿದ ಜೀಪಲ್ಲಿ ಸಿಕ್ತು ಅಂತ ಕೋರ್ಟಲ್ಲೇ ಹೇಳಿದ್ರು, ಪೇಪರಲ್ಲಿ ಬಂತು, ಟಿವಿಯಲ್ಲಿ ಬಂತು. ಆಮೇಲೆ ಇಲ್ಲಿನ ಎಬಿಸಿ ಸುದ್ದಿಸಂಸ್ಥೆಯವರು ಕೆದಕಿ ಹೇಳಿದ್ರು, ಅದು ಸಿಕ್ಕಿದ್ದು ಜೀಪಲ್ಲಲ್ಲ, ಗ್ಲಾಸ್ಗೋದಲ್ಲೂ ಅಲ್ಲ, ಲಿವರ್‌ಪೂಲಲ್ಲಿ ಸಬೀಲ್ ಹತ್ರ. ಅಷ್ಟು ದಿನ ಉರೀತಿದ್ದ ಬೆಂಕಿಗೆ ಸೌದೆಯೇ ಇರ್ಲಿಲ್ಲ.

ನಾನು ಇದನ್ನ ಇಲ್ಲಿ ಯಾಕೆ ಬರೀತಿದೀನಿ ಅಂದ್ರೆ, ಹೆಸರು ಕೆಡಿಸಿದ್ದೂ ಪೇಪರೇ, ಅವರನ್ನ ಹೊರಗೆ ತಂದಿದ್ದರಲ್ಲೂ ಪೇಪರಿನ ಪಾಲು ದೊಡ್ಡದು. ಹನೀಫ್ ವಕೀಲ ಸ್ಟೀಫನ್ ಕೀಮ್ ಮೊದಲ ಪೊಲೀಸ್ ವಿಚಾರಣೆಯ ದಾಖಲೆಯನ್ನ ‘ದಿ ಆಸ್ಟ್ರೇಲಿಯನ್’ ಪತ್ರಿಕೆಗೆ ಕೊಟ್ರು. ಅದನ್ನ ಓದಿದ ಜನಕ್ಕೆ ಗೊತ್ತಾಯ್ತು, ಈ ಮನುಷ್ಯ ಕೇಳಿದ್ದಕ್ಕೆಲ್ಲಾ ಸಾವಧಾನವಾಗಿ ಉತ್ತರ ಕೊಟ್ಟಿದಾನೆ, ಒನ್ ವೇ ಟಿಕೆಟಿನ ಕಾರಣಾನೂ ಹೇಳಿದಾನೆ ಅಂತ. ಅಲ್ಲಿವರೆಗೂ ಅವರ ಬಾಯಿಂದ ಬಂದ ಒಂದು ಮಾತೂ ಯಾರೂ ಕೇಳಿರ್ಲಿಲ್ಲ. ಜುಲೈ 27ಕ್ಕೆ ಕೇಸ್ ಕೈಬಿಟ್ರು. ಆಮೇಲೆ ಸರ್ಕಾರ ಮಾಜಿ ಜಡ್ಜ್ ಕ್ಲಾರ್ಕ್ ಅವರಿಂದ ತನಿಖೆ ಮಾಡಿಸ್ತು, 2008ರಲ್ಲಿ ವರದಿ ಬಂತು, 2010ರಲ್ಲಿ ಸರ್ಕಾರ ಪರಿಹಾರ ಕೊಡೋಕೆ ಒಪ್ತು. ಅಲ್ಲಿಗೆ ಮೂರೂವರೆ ವರ್ಷ ಆದ್ರೂ ಒಂದು ಲೆಕ್ಕ ಚುಕ್ತಾ ಆಯ್ತು. ನಮ್ಮ ದೇಶದಲ್ಲಿ ಇಂಥ ತನಿಖೆ ಯಾಕೆ ಆಗಲ್ಲ ಅಂತ ಆವಾಗಿಂದ ಯೋಚಿಸ್ತಾನೇ ಇದೀನಿ.

ನೇರ ಮಾತು:

ಅಕ್ಕ, ಹನೀಫ್ ವಿಷಯ ನನಗೆ ಅಷ್ಟು ವಿವರವಾಗಿ ಗೊತ್ತಿರ್ಲಿಲ್ಲ, ಸಿಮ್ ಜೀಪಲ್ಲೇ ಸಿಕ್ಕಿದ್ದು ಅಂತಾನೇ ಇಷ್ಟು ವರ್ಷ ತಿಳ್ಕೊಂಡಿದ್ದೆ. ಡೆಸ್ಕ್ ಸರ್ ಹೇಳಿದ ಮಾತೂ ಒಪ್ತೀನಿ, ಹದಿನಾಲ್ಕನೆಯವನ ಮಾತು. ನನ್ನ ಕಾಳಜಿ ಇಷ್ಟೇ, ಒಬ್ಬರಿಗೆ ಅನ್ಯಾಯ ಆಯ್ತು ಅನ್ನೋದು ಎಲ್ಲಾ ಕೇಸೂ ಸುಳ್ಳು ಅನ್ನೋದಕ್ಕೆ ಆಧಾರ ಆಗ್ಬಾರ್ದು. ಕ್ಲಾಸಲ್ಲಿ 2016ರ ಶಿಕ್ಷೆ ವಿಷಯಾನೂ ಹೇಳಿ ಸರ್, ಮಕ್ಕಳು ಪೂರ್ತಿ ತಿಳ್ಕೊಳ್ಳಲಿ.

ತುಂಗಾತೀರದವ:

ಖಂಡಿತ ಹೇಳ್ತೀನಿ ನೇರ ಮಾತು ಅವರೇ, ಅದಿಲ್ದೇ ಹೇಳಿದ್ರೆ ನಾನೂ ಅರ್ಧ ಸುದ್ದಿ ಕೊಟ್ಟ ಹಾಗೇ ಆಗುತ್ತೆ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಒಂದು ಕ್ಲಾಸಿಗೆ ಕೇಳಿದ್ದೆ, ಮೂರು ಕ್ಲಾಸಿಗೆ ಆಗೋಷ್ಟು ಕೊಟ್ರಿ.

ನಾನು ನಿನ್ನೆ ಸಿದ್ದಿಕಿಯವರು ಬಿಡುಗಡೆ ಆದ್ಮೇಲೆ ಆಡಿದ ಮಾತುಗಳನ್ನ ಹುಡುಕಿ ಓದಿದೆ. ಆರು ತಿಂಗಳು ಕಳ್ಕೊಂಡು ಬಂದವರು, ಕೂಗಾಡ್ಲಿಲ್ಲ. ಜರ್ನಲಿಸಂನ ಎಬಿಸಿಯಲ್ಲಿ ‘ಎ’ ಅಂದ್ರೆ ಆಕ್ಯುರಸಿ (ನಿಖರತೆ), ಅದನ್ನೇ ಮೀಡಿಯಾ ಮರೆತುಬಿಡ್ತು ಅನ್ನೋ ಅರ್ಥದಲ್ಲಿ ಮಾತಾಡಿದಾರೆ. ಇದೇ ಎಬಿಸಿ ನಾನು ಪ್ರತಿ ವರ್ಷ ಜುಲೈನಲ್ಲಿ ಬೋರ್ಡ್ ಮೇಲೆ ಬರೆಯೋದು, ಫಸ್ಟ್ ಸೆಮ್ ಮೊದಲ ಕ್ಲಾಸು. 2012ರ ಜುಲೈನಲ್ಲೂ ಬರೆದಿದ್ದೆ. ಅದಾದ ಎರಡು ತಿಂಗಳಿಗೆ ಸ್ಟಾಫ್ ರೂಮಲ್ಲಿ ಆ ಮಾತಾಡಿದ್ದೆ.

ಆವತ್ತು ಬಾಗಿಲಲ್ಲಿ ನಿಂತಿದ್ದ ಹುಡುಗ ಈಗ ಮಂಗಳೂರಲ್ಲಿ ಒಂದು ಕಂಪನಿಯಲ್ಲಿದಾನೆ, ಪತ್ರಿಕೋದ್ಯಮಕ್ಕೆ ಹೋಗ್ಲೇ ಇಲ್ಲ. ಕಾರಣ ಇದೇ ಅಂತ ಹೇಳೋಕೆ ನನಗೆ ಹಕ್ಕಿಲ್ಲ. ನಂಬರ್ ಹುಡುಕಿ ಮೊನ್ನೆ ರಾತ್ರಿ ಫೋನ್ ಮಾಡಿದ್ದೆ, ‘ಸರ್, ಚೆನ್ನಾಗಿದೀರಾ’ ಅಂತ ಅವನೇ ಮೊದಲು ಕೇಳಿದ. ಆ ದಿನದ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ‘ನೆನಪಿದೆ ಸರ್’ ಅಂದ. ಕ್ಲಾಸಿಗೆ ಬರ್ತೀಯಾ ಅಂತ ಕೇಳಿದೀನಿ, ರಜ ನೋಡಿ ಹೇಳ್ತೀನಿ ಅಂದಿದಾನೆ.

ಮಕ್ಕಳಿಗೆ ಕೊಡೋ ಕೆಲಸ ಹೀಗೆ ಅಂದ್ಕೊಂಡಿದೀನಿ, ಆಗಸ್ಟ್ 30, 31ರ ಕಾಪಿಗಳನ್ನ ಜೆರಾಕ್ಸ್ ಮಾಡಿ ಹಂಚಿ, ಪ್ರತಿ ವಾಕ್ಯದ ಪಕ್ಕದಲ್ಲಿ ‘ಇದನ್ನ ಹೇಳಿದವರು ಯಾರು’ ಅಂತ ಬರೆಸೋದು. ಹೆಸರಿಲ್ಲದ ಮೂಲ ಅಂದ್ರೆ ಖಾಲಿ ಬಿಡ್ಬೇಕು. ಆಮೇಲೆ ಎಲ್ಲಾ ಏಕವಚನವನ್ನ ಬಹುವಚನ ಮಾಡಿ ಸುದ್ದಿಯನ್ನ ಮತ್ತೆ ಬರೆಸೋದು, ಆಗ ಎಷ್ಟು ವಾಕ್ಯ ನಿಲ್ಲುತ್ತೆ ಅಂತ ನೋಡೋದು. ಡೆಸ್ಕ್ ಸರ್, ಇದು ಸರಿ ಅನ್ಸುತ್ತಾ?

ಹಳೇ ನೈಟ್ ಡೆಸ್ಕ್:

ಸರಿ ಇದೆ ಸರ್. ಒಂದು ಸೇರಿಸಿ, ಸ್ಕೇಲ್ ಕೊಟ್ಟು ಅಳೆಸಿ. ಅರೆಸ್ಟ್ ಸುದ್ದಿ ಎಷ್ಟು ಕಾಲಂ ಎಷ್ಟು ಸೆಂಟಿಮೀಟರ್, ಬಿಡುಗಡೆ ಸುದ್ದಿ ಎಷ್ಟು. ಜಾಹೀರಾತು ವಿಭಾಗದವರು ದಿನಾ ಅಳೆಯೋದೇ ಹಾಗೆ, ಸುದ್ದಿಗೂ ಅದೇ ಲೆಕ್ಕ ಹಾಕ್ಲಿ. ಬಿಡುಗಡೆ ದಿನದ ಬೇರೆ ಪೇಪರ್‌ಗಳು ನಿಮ್ಮ ಫೈಲಲ್ಲಿ ಇಲ್ಲ ಅಂದ್ರಲ್ಲ, ಜಿಲ್ಲಾ ಗ್ರಂಥಾಲಯದಲ್ಲಿ ಹಳೇ ಬೈಂಡ್ ಇಟ್ಟಿರ್ತಾರಾ ಅಂತ ಮೊದಲು ಕೇಳಿ ನೋಡಿ, 2013ರ ಫೆಬ್ರವರಿ 26, 27. ಸಿಗ್ಲಿಲ್ಲ ಅಂದ್ರೆ ಹೇಳಿ, ನನ್ನ ಅಟ್ಟದ ಮೇಲೆ ಎರಡು ಪೆಟ್ಟಿಗೆ ಇದೆ, ಭಾನುವಾರ ಇಳಿಸಿ ನೋಡ್ತೀನಿ.